ಕಾಶೆವ್ವ ಕಲಿತ ಮರಾಠಿ

ನನ್ನ ಬಾಯಿ ಜೋರು ಎಂದು ಮೂಡಲಗಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಅದೇ ನಾನು ಹತ್ತರಗಿಯಲ್ಲಿ ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ ಎಂದರೆ ಒಬ್ಬರೂ ನಂಬುವುದಿಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ. ನನ್ನ ಹೆಸರು ರಾಯವ್ವ. ನನ್ನ ಗಂಡ ಗುರುಲಿಂಗಪ್ಪ ಮಾಸ್ತರರು ಮೂಡಲಗಿಯ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದರು. ನಾನು ಓದುಬರಹ ಕಲಿತದ್ದು ಅವರಿಂದ, ಮರಾಠಿ ಕಲಿತದ್ದು ಅವರ ತಾಯಿಯಿಂದ. ನಮ್ಮತ್ತೆಯ ತವರು ಮಿರಜಿನ ಕಡೆ. ಹುಕ್ಕೇರಿಯ ಮನೆಯಲ್ಲಿ ಹನ್ನೊಂದು ವರ್ಷ ಆಕೆ ನನ್ನನ್ನು ಮರಾಠಿಯಲ್ಲಿಯೇ ಬೈದರು. ಹೀಗಾಗಿ ಆ ಭಾಷೆಯಲ್ಲಿ ನನಗೆ ಗೊತ್ತಿಲ್ಲದ ಬೈಗುಳ ಇರಲಿಲ್ಲ.

ಸಾವಿರದ ಒಂಬೈನೂರಾ ಮೂವತ್ನಾಲ್ಕರ ದೀಪಾವಳಿ ಮುಗಿದ ಮೇಲೆ, ಒಂದು ಸಂತೆಯ ದಿನ, ಮಸಗುಪ್ಪಿಯ ಕಾಶೆವ್ವ ನಮ್ಮ ಮನೆಗೆ ಬಂದಳು. ಆಕೆ ಒಕ್ಕಲುತನದ ಮನೆಯ ಹೆಂಗಸು, ವಾರಕ್ಕೊಮ್ಮೆ ನಮಗೆ ಬೆಣ್ಣೆ ತಂದುಕೊಡುವಾಕೆ. ಅಂದು ಬೆಣ್ಣೆಯ ಗಡಿಗೆ ಕೆಳಗಿಟ್ಟವಳು ಕೂತಲ್ಲಿ ಕೂಡಲಿಲ್ಲ. ಕಟ್ಟೆಯ ಮೇಲೆ ಕೂತಳು, ಎದ್ದಳು, ಕಂಬ ಹಿಡಿದು ನಿಂತಳು, ಮತ್ತೆ ಕೂತಳು. ಕೊನೆಗೆ ಒಳಗಿದ್ದ ಮಾಸ್ತರರಿಗೆ ಕೇಳುವಂತೆ ಹೇಳಿದಳು.

"ಮಾಸ್ತರ್ರ, ನನಗ ಮರಾಠಿ ಕಲಸ್ರಿ."

ನಮ್ಮವರಿಗೆ ನಗು ತಡೆಯಲಿಲ್ಲ. "ಈಗ ಮರಾಠಿ ತಗೊಂಡ ಏನ ಮಾಡ್ತಿ ಕಾಶೆವ್ವಾ?" ಎಂದರು.

"ದೀಪಾವಳಿಗಿ ಹತ್ತರಗಿಗಿ ಹೋಗಿದ್ನಿರಿ, ಮಗಳ ಮನಿಗಿ," ಎಂದಳು. "ಹುಡಿಗಿ ಕಡ್ಡಿ ಆಗ್ಯಾಳ. ನೀರಿನ ಕೊಡಾ ಎತ್ತಾಕ ಹೋದ್ರ ಆಕಿ ಅತ್ತಿ ಕಣ್ಣ ಕೆಂಪ ಮಾಡಿ, ಏನೋ ಒದರಿ, ಕೊಡಾ ಕಸಗೊಂಡ್ಲು. ಹಿತ್ತಲದಾಗ ಹುಡಿಗಿ ಅಳಾಕತ್ತಿದ್ಲು. ಯಾಕವಾ ಅಂತ ಕೇಳಿದ್ರ, ಏನಿಲ್ಲವ್ವಾ ಅಂದ್ಲು. ನನ್ನ ಮುಂದನ ಎಲ್ಲಾ ಮಾತಾಡ್ತಾರ, ನಾ ಕಲ್ಲ ಕುಂತಾಂಗ ಕುಂದರತೇನಿ."

ಆ ಮನೆಯವರ ವಿಷಯ ನನಗೆ ಗೊತ್ತಿತ್ತು. ಕೊಲ್ಲಾಪುರದ ಕಡೆಯಿಂದ ಬಂದು, ಹತ್ತರಗಿಯಲ್ಲಿ ಪುಣೆ ರಸ್ತೆಯ ಬದಿಗೆ ಕಿರಾಣಿ ಅಂಗಡಿ ಇಟ್ಟವರು. ಕೊರಳಲ್ಲಿ ನಮ್ಮದೇ ಲಿಂಗ, ಬಾಯಲ್ಲಿ ಮಾತು ಮಾತ್ರ ಮರಾಠಿ. ಒಳ್ಳೆಯ ಮನೆತನವೆಂದು ಕಾಶೆವ್ವ ಮತ್ತು ಆಕೆಯ ಗಂಡ ಲಕ್ಕಪ್ಪ ಎರಡು ವರ್ಷದ ಹಿಂದೆ ಮಗಳು ಶಿವವ್ವನನ್ನು ಅಲ್ಲಿಗೆ ಕೊಟ್ಟಿದ್ದರು. ಅವರಿಗೆ ಉಳಿದವಳು ಅವಳೊಬ್ಬಳೇ. ಹಿರಿಯ ಮಗಳು ಪಾರವ್ವ ಅದಕ್ಕೂ ಒಂದು ವರ್ಷ ಮೊದಲು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದು, ಮಸಗುಪ್ಪಿಯ ಮನೆಯಲ್ಲಿಯೇ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ.

"ನನ್ನ ಮಗಳಿಗಿ ಒಂದ ಕೆಟ್ಟ ಮಾತ ಅಂದದ್ದ ಈ ಕಿವಿಲೆ ಕೇಳಿದ್ನೆಂದ್ರ ಸಾಕು," ಎಂದಳು ಕಾಶೆವ್ವ. "ಕೈ ಹಿಡದ ಕರಕೊಂಡ ಬರತೇನಿ. ಮತ್ತ ಕಳಸೂದಿಲ್ಲ."

ಇದು ಸಣ್ಣ ಮಾತಲ್ಲ. ಕೊಟ್ಟ ಮಗಳನ್ನು ಕರೆತಂದು ಮನೆಯಲ್ಲಿ ಇಟ್ಟುಕೊಂಡರೆ ಇಬ್ಬರ ಬಾಳೂ ಊರ ಬಾಯಿಗೆ ಬೀಳುತ್ತದೆ. ಲಕ್ಕಪ್ಪನೋ, ಕೊಟ್ಟ ಮೇಲೆ ಮುಗಿಯಿತು ಎಂದು ಹೊಲಕ್ಕೆ ಹೋಗಿಬಿಡುವ ಗಂಡಸು. ಆದರೆ ಕಾಶೆವ್ವ ಹೇಳಿದಂತೆ ಮಾಡುವವಳೇ ಎಂಬುದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಖರೆ ಹೇಳಬೇಕೆಂದರೆ ನನಗೆ ಒಳಗೊಳಗೆ ಖುಷಿಯಾಯಿತು. ಅತ್ತೆಯೊಬ್ಬಳು ಸಿಕ್ಕಿಬೀಳುವುದನ್ನು ನೋಡುವ ಆಸೆ ನನಗೆ ಬಹಳ ವರ್ಷದಿಂದ ಇತ್ತು.

ಮಾಸ್ತರರು ಮರುವಾರವೇ ಮರಾಠಿಯ ಮೊದಲನೆಯ ಪುಸ್ತಕ ಹುಡುಕಿ ತಂದರು. "ಹಾ ಆಂಬಾ ಆಹೆ," ಎಂದು ಓದಿ, ಇದು ಮಾವಿನಹಣ್ಣು ಎಂದು ಅರ್ಥ ಹೇಳಿದರು. ಕಾಶೆವ್ವ ಎರಡು ಸಲ ಅಂದಳು. ಮೂರನೆಯ ಸಲಕ್ಕೆ ಆಕೆಗೆ ತಡೆಯಲಿಲ್ಲ.

"ಮಾವಿನಹಣ್ಣ ತಗೊಂಡ ನಾ ಏನ ಮಾಡ್ಲ್ರಿ? ಆ ಮನ್ಯಾಗ ಯಾರೂ ಮಾವಿನಹಣ್ಣ ಅನ್ನೂದಿಲ್ಲ. ಸೊಸಿನ್ನ ಹೆಂಗ ಬೈತಾರ ಅದನ್ನ ಹೇಳ್ರಿ."

ಮಾಸ್ತರರು ಪುಸ್ತಕ ಮಡಚಿ ನನ್ನ ಕಡೆ ನೋಡಿದರು. ಅಂದಿನಿಂದ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು.

ಆರು ತಿಂಗಳು ಕಲಿಸಿದೆ. ಕಾಶೆವ್ವ ಸಂತೆಯ ದಿನ ಬರುತ್ತಿದ್ದಳು, ಆಮೇಲೆ ಸಂತೆಯಿಲ್ಲದ ದಿನವೂ ಬರತೊಡಗಿದಳು. ನಾನು ಜೋಳ ಬೀಸುತ್ತ ಅನ್ನುವುದು, ಅವಳು ಎದುರು ಕೂತು ಬೀಸುತ್ತ ತಿರುಗಿ ಅನ್ನುವುದು. ಸೋಮಾರಿ, ನಾಚಿಕೆಗೆಟ್ಟವಳೆ, ತವರಲ್ಲಿ ಇದನ್ನೇ ಕಲಿಸಿದರೇನು, ನಿನ್ನ ಕಾಲುಗುಣ ಕೆಟ್ಟದ್ದು, ಇವೆಲ್ಲ ಮೊದಲ ತಿಂಗಳಲ್ಲೇ ಬಂದವು. ಆಮೇಲೆ ಇಡು, ಎತ್ತು, ಬಿಡು, ಕುಡಿ, ನಿನ್ನೆ, ನಾಳೆ. ಅಕ್ಷರ ಬೇಡವೆಂದವಳು, ಕಿವಿಯಿಂದಲೇ ಹಿಡಿದಳು. ಹೊಲದಲ್ಲಿ ಹತ್ತಿ ಬಿಡಿಸುವಾಗ ಒಬ್ಬಳೇ ಮರಾಠಿಯಲ್ಲಿ ಬೈಯುತ್ತ ಹೋಗುತ್ತಾಳೆ, ಇವಳಿಗೇನೋ ಆಗಿದೆ ಎಂದು ಮಸಗುಪ್ಪಿಯ ಜನ ಆಡಿಕೊಂಡರು. ಅವಳಿಗೆ ಅದರ ಪರಿವೆಯಿಲ್ಲ. ಒಂದು ಮಧ್ಯಾಹ್ನ ಬೀಸುವುದನ್ನು ನಿಲ್ಲಿಸಿ, "ಇದನ್ನ ಎಲ್ಲಾ ನಿಮಗ ಅಂದಿದ್ರೇನ್ರಿ ಬಾಯಾರ?" ಎಂದು ಕೇಳಿದಳು. ನಾನು ಇನ್ನೊಂದು ಹಿಡಿ ಜೋಳ ಬೀಸುಕಲ್ಲಿಗೆ ಹಾಕಿದೆ.

ಬೇಸಿಗೆ ಬಂತು. ನಮ್ಮ ಕಡೆ ಬೇಸಿಗೆಯಲ್ಲಿ ವರ್ಷಕ್ಕೆ ಆಗುವಷ್ಟು ಶಾವಿಗೆ ಮಾಡಿಡುತ್ತಾರೆ. ಉದ್ದನೆಯ ಹಲಗೆಯನ್ನು ಓರೆಯಾಗಿ ನಿಲ್ಲಿಸಿ, ಮೇಲೆ ಕೂತವಳು ನಾದಿದ ಗೋದಿಹಿಟ್ಟನ್ನು ಅಂಗೈಯಿಂದ ಎಳೆ ಎಳೆಯಾಗಿ ಹೊಸೆದು ಕೆಳಗೆ ಬಿಡಬೇಕು. ಕೆಳಗಿನವಳು ಅದನ್ನು ಕೋಲಿಗೆ ಹಾಕಿ ಒಣಗಿಸಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ನಾಲ್ಕೈದು ಹೆಂಗಸರು ಸೇರಿದರೆ ಕೈ ಒಂದು ಕಡೆ, ಬಾಯಿ ಇನ್ನೊಂದು ಕಡೆ. ಹೊಟ್ಟೆಯಲ್ಲಿದ್ದ ಮಾತೆಲ್ಲ ಹೊರಗೆ ಬರುವುದು ಅಲ್ಲಿಯೇ. ಶಾವಿಗೆಗೆ ಕಾಶೆವ್ವನ ಕೈ ಎಂದರೆ ಸುತ್ತ ಹಳ್ಳಿಯಲ್ಲಿ ಹೆಸರು. ಬೀಗಿತ್ತಿಗೆ ಶಾವಿಗೆ ಮಾಡಿಕೊಡಲು ಬರುತ್ತೇನೆಂದು ಹೇಳಿ ಕಳಿಸಿದಳು. ಬೇಡ ಅನ್ನುವಂತಿರಲಿಲ್ಲ, ಅವರು ಬರಲು ಹೇಳಿದರು.

ನಾನೂ ಹೊರಟೆ. ಅವಳಿಗೆ ತಿಳಿಯದ ಮಾತು ಬಂದರೆ ಯಾರಾದರೂ ಬೇಕಲ್ಲ ಎಂದು ಮಾಸ್ತರರಿಗೆ ಹೇಳಿದೆ. ಗೋಕಾಕದಿಂದ ಹುಕ್ಕೇರಿಯವರೆಗೆ ಮೋಟಾರು, ಅಲ್ಲಿಂದ ಹತ್ತರಗಿಗೆ ಚಕ್ಕಡಿ. ದಾರಿಯುದ್ದಕ್ಕೂ ಕಾಶೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ಅವಳ ಗಂಟಿನಲ್ಲಿ ಮಗಳಿಗೆಂದು ಒಂದು ಸೀರೆ ಇತ್ತು. ಕರೆತರುವಾಗ ಉಟ್ಟ ಬಟ್ಟೆಯಲ್ಲೇ ಹೊರಟರೆ ಚಕ್ಕಡಿಯಲ್ಲಿ ಉಡಿಸಬಹುದು ಎಂದು ಲೆಕ್ಕ ಹಾಕಿ ತಂದಿದ್ದಳಂತೆ.

ಶಿವವ್ವನ ಅತ್ತೆ ತಾನುಬಾಯಿ ಎತ್ತರದ ಹೆಂಗಸು, ದನಿ ಗಡಸು. ಆಕೆಗೆ ಬರುವ ಕನ್ನಡವೆಂದರೆ ಬರ್ರಿ, ಕೂಡ್ರಿ, ಉಣ್ರಿ, ಅಷ್ಟೇ. ವಿಧವೆ ತಂಗಿಯೊಬ್ಬಳು ಜೊತೆಗಿದ್ದಳು. ನನಗೂ ಮರಾಠಿ ಬಾರದೆಂದು ಅವರು ತಾವೇ ತಿಳಿದುಕೊಂಡರು, ನಾನು ತಿದ್ದಲಿಲ್ಲ. ಶಿವವ್ವ ತಾಯಿಯನ್ನು ಕಂಡು ಓಡಿ ಬಂದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಅರಾಮ ಅದಿ ಏನವ್ವ ಎಂದರೆ ಅರಾಮ ಅದೇನಿ ಎಂದಳು.

ಮೊದಲ ದಿನ ಹಿಟ್ಟು ನಾದಿ ಒರಳಿಗೆ ಹಾಕಿದ್ದರು. ಶಿವವ್ವ ಕುಟ್ಟಲು ಒನಕೆ ಎತ್ತಿದಳು, ತಾನುಬಾಯಿ ಬಿರಬಿರನೆ ಬಂದು ಒನಕೆ ಕಸಿದುಕೊಂಡಳು. ಆಕೆ ಅಂದದ್ದು ಮರಾಠಿಯಲ್ಲಿ. ನಾನು ಇಲ್ಲಿ ನಮ್ಮ ಬರೆಯುವ ಕನ್ನಡದಲ್ಲಿ ಕೊಡುತ್ತೇನೆ: "ಎಷ್ಟು ಸಲ ಹೇಳಬೇಕು ನಿನಗೆ? ಕೆಳಗಿಡು. ಭಾರ ಎತ್ತಬೇಡ ಎಂದರೆ ಕೇಳುವುದೇ ಇಲ್ಲ." ದನಿ ಮಾತ್ರ ನಮ್ಮತ್ತೆಯದೇ ದನಿ. ಕಣ್ಣು ಮುಚ್ಚಿ ಕೇಳಿದ್ದರೆ ನಾನು ಎದ್ದು ನಿಲ್ಲುತ್ತಿದ್ದೆ.

ಕಾಶೆವ್ವ ನೀರಿನ ನೆಪದಲ್ಲಿ ನನ್ನನ್ನು ಬಾವಿಯ ಹತ್ತಿರ ಎಳೆದುಕೊಂಡು ಹೋದಳು.

"ಭಾರ ಎತ್ತಬ್ಯಾಡ ಅಂದ್ಲಲ್ರಿ? ನನಗ ಹಂಗ ಕೇಳಸ್ತು."

"ಖರೆ. ಹಂಗ ಅಂದ್ಲು."

"ದೀಪಾವಳಿಯಾಗ ಕೊಡಾ ಕಸಗೊಂಡದ್ದೂ ಅದಕ್ಕ ಇರಬೇಕು." ಬೆರಳು ಮಡಚಿ ಏನೋ ಎಣಿಸಿದಳು. ಮುಖ ಅರಳಿತು, ಅರಳಿದ್ದು ಹಾಗೇ ಬಾಡಿತು. "ಬಸರಿ ಇದ್ದಾಳಂದ್ರ ನನಗ ಯಾಕ ಹೇಳಿಲ್ಲ? ದೀಪಾವಳಿಯಾಗನೂ ಇದ್ಲಂದ್ರ ಅದು ಏನ ಆತು?"

ನನಗೇನು ಗೊತ್ತು? ಅಂದು ಇಡೀ ದಿನ, ಮರುದಿನವೂ, ನಾವಿಬ್ಬರೂ ಹಲಗೆಯ ಕೆಳಗೆ ಕೂತು ಕಿವಿ ನೆಟ್ಟದ್ದೇ ನೆಟ್ಟದ್ದು. ಬೆಲ್ಲದ ಮಾತು, ನಿಪ್ಪಾಣಿಯ ಮದುವೆಯೊಂದರ ಮಾತು, ತಂಗಿಯ ಮಂಡಿನೋವಿನ ಮಾತು. ಶಿವವ್ವನಿಗೆ ಒಂದು ಬೈಗುಳವಿಲ್ಲ. ನಾನು ಆರು ತಿಂಗಳು ಒರೆಸಿ ತಿಕ್ಕಿ ಕಲಿಸಿದ ಒಂದು ಶಬ್ದವೂ ಆ ಅಂಗಳದಲ್ಲಿ ಬೀಳಲಿಲ್ಲ. ಕಾಶೆವ್ವನಿಗೆ ಇದರಿಂದ ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ಊಟ ಸೇರದು, ಎಳೆ ಕೈಯಲ್ಲಿ ಹರಿಯುವುದು, ಮಗಳ ಹೊಟ್ಟೆಯ ಕಡೆ ಕಳ್ಳನೋಟ. ನೇರ ಕೇಳಿಬಿಡು ಎಂದರೆ, "ಕೇಳಿದ್ರ ಏನಿಲ್ಲವ್ವಾ ಅಂತಾಳ. ಆ ಮಾತ ಇನ್ನೊಮ್ಮೆ ಕೇಳಾಕ ನನ್ನ ಕೈಲೆ ಆಗೂದಿಲ್ಲ," ಎಂದಳು.

ಮೂರನೆಯ ದಿನ ನಾವು ಮರುದಿನ ಬೆಳಿಗ್ಗೆ ಹೊರಡುವುದೆಂದು ಗೊತ್ತಾಗಿತ್ತು. ಮಧ್ಯಾಹ್ನ ಎಲ್ಲರೂ ಹಲಗೆಯ ಸುತ್ತ ಕೂತಿದ್ದೆವು. ತಾನುಬಾಯಿ ಮೇಲೆ ಹೊಸೆಯುತ್ತಿದ್ದಳು, ಶಿವವ್ವ ಅವಳ ಬದಿಗೆ, ಕಾಶೆವ್ವ ಮತ್ತು ನಾನು ಕೆಳಗೆ. ತಂಗಿಯೇ ಮಾತು ತೆಗೆದಳು, ಮರಾಠಿಯಲ್ಲಿ.

"ನಾಳೆ ಇವಳ ತಾಯಿ ಹೊರಡುತ್ತಾಳೆ. ಮೂರು ತಿಂಗಳಾಯಿತು, ಇನ್ನೂ ಹೇಳದಿದ್ದರೆ ಹೇಗಕ್ಕಾ? ಏಳನೆಯ ತಿಂಗಳಲ್ಲಿ ತವರಿಗೆ ಕಳಿಸಬೇಕು. ಚೊಚ್ಚಲು ತವರಿನದೇ ಅಲ್ಲವೆ?"

"ನಾನು ಹೇಳುತ್ತೇನೆ ಎಂದರೆ ಇವಳು ಬಿಡುತ್ತಿಲ್ಲ," ಎಂದಳು ತಾನುಬಾಯಿ. "ಕಳೆದ ಸಲದ್ದು ದೀಪಾವಳಿಗೆ ಮೊದಲೇ ಹೋಯಿತು. ನಿದ್ದೆಯಿಲ್ಲ, ಊಟವಿಲ್ಲ, ಹೆದರಿ ಹೆದರಿಯೇ ಹೋಯಿತು. ಈ ಸಲವೂ ಹಾಗೇ ಆಗಬೇಕೇನು? ಏನು ಬೇಕು ನಿನಗೆ? ನನಗಾದರೂ ಹೇಳು ಮಗಳೇ."

ಶಿವವ್ವ ತಲೆಯೆತ್ತಲಿಲ್ಲ. ಅವಳ ಮರಾಠಿ ನೀರಿನಂತೆ ಹರಿಯುತ್ತಿತ್ತು. ತಾಯಿ ಎರಡು ಮಾರು ದೂರದಲ್ಲಿ ಕೂತಿದ್ದಾಳೆಂಬ ಅಳುಕೂ ಇರಲಿಲ್ಲ.

"ಮಸಗುಪ್ಪಿಯಲ್ಲಿ ಬೇಡ. ಆ ನಡುಮನೆಯಲ್ಲಿ ನಾನು ಮಲಗಲಾರೆ. ಅಕ್ಕ ಬೆಳಿಗ್ಗೆಯಿಂದ ದೀಪ ಹಚ್ಚುವವರೆಗೆ ಅಲ್ಲಿಯೇ ಕೂಗಿದಳು. ಅವಳ ಕಾಲು ಹಿಡಿದುಕೊಂಡವಳು ನಾನು. ಈಗ ಅಲ್ಲಿ ಸುಣ್ಣ ಬಳಿದು ಜೋಳದ ಚೀಲ ಇಟ್ಟಿದ್ದಾರೆ. ಪಂಚಮಿಗೆ ಹೋದಾಗ ಆ ಬಾಗಿಲು ದಾಟಿದರೆ ನನ್ನ ಕೈಕಾಲು ತಣ್ಣಗಾಗುತ್ತವೆ. ಇಲ್ಲಿ, ನಿಮ್ಮ ಹಿಂದಿನ ಕೋಣೆಯಲ್ಲಿ ಆಗಲಿ ಎಂದು ಆಸೆ."

"ಹಾಗಾದರೆ ಹಾಗೇ ಮಾಡೋಣ. ಕೇಳುತ್ತೇನೆ ನಿನ್ನ ತಾಯಿಯನ್ನು."

"ಬೇಡ ಆಈ." ಆಈ ಎಂದರೆ ಅವ್ವ. "ಅವಳಿಗೆ ನಾನೊಬ್ಬಳೇ. ನಿನ್ನ ಮನೆಗೆ ಹೆದರುತ್ತೇನೆ ಎಂದು ಅವಳಿಗೆ ಹೇಗೆ ಹೇಳಲಿ? ಅಕ್ಕನನ್ನು ನೀನೇ ಕೊಂದೆ ಎಂದ ಹಾಗೆ ಆಗುತ್ತದೆ. ಏನಾದರೂ ಆಗಲಿ, ಏಳರಲ್ಲಿ ಹೋಗುತ್ತೇನೆ."

ನಾನು ಕಾಶೆವ್ವನ ಕಡೆ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಎಲ್ಲ ತಿಳಿದಿರಲಿಕ್ಕಿಲ್ಲ, ಮಾತು ಬೇಗ ಬೇಗ ಹೋಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಅವಳ ಕೈಯಲ್ಲಿದ್ದ ಕೋಲು ಮಣ್ಣಿಗೆ ತಾಗಿತ್ತು, ಮೂರು ದಿನದಲ್ಲಿ ತೆಗೆದ ಅತಿ ಸಣ್ಣ ಎಳೆಯೆಲ್ಲ ಅಂಗಳದ ಧೂಳಿನಲ್ಲಿ ಬಿದ್ದಿತ್ತು. ಬೀಗಿತ್ತಿಯನ್ನು ಕಳ್ಳಿಯೆಂದು ಹಿಡಿಯಲು ಬಂದವಳಿಗೆ, ಮಗಳು ಹೆದರುವುದು ತನ್ನ ಮನೆಗೆ ಎಂದು ತಿಳಿದರೆ ಹೇಗಿರುತ್ತದೆ? ಆರು ತಿಂಗಳು ಇದನ್ನು ಕಲಿಸಿದ ನನ್ನ ಬಾಯಿಗೆ ಹುಳ ಬೀಳಲಿ ಎಂದು ಆ ಹೊತ್ತಿನಲ್ಲಿ ಅನಿಸಿತು.

ಆಗ ಕಾಶೆವ್ವ ಬಾಯಿ ತೆರೆದಳು. "ಇಥೇಚ," ಎಂದಳು. ದನಿ ಒಡೆದಿತ್ತು. ತಾನುಬಾಯಿಯ ಕಡೆ ತಿರುಗಿ ಮತ್ತೆ ಹೇಳಿದಳು: "ಇಥೇಚ ಹೋಊ ದ್ಯಾ. ಮೀ ಯೇತೆ."

ಇಲ್ಲಿಯೇ ಆಗಲಿ, ನಾನು ಬರುತ್ತೇನೆ.

ತಾನುಬಾಯಿ ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದಿದ್ದಳು. ಶಿವವ್ವ ನಿಧಾನಕ್ಕೆ ತಿರುಗಿದಳು.

"ಅವ್ವಾ, ನಿನಗ ತಿಳೀತೇನ?"

"ಎಲ್ಲಾ ತಿಳೀತು."

"ಯಾವಾಗ ಕಲ್ತಿ?" ಅವಳ ಮುಖ ಕೆಂಪಾಯಿತು. "ಮೂರ ದಿನಾ ಏನೂ ತಿಳಿದಾಂಗ ಕುಂತ ಕದ್ದ ಕೇಳಿದಿ?"

"ಹೂಂ, ಕೇಳಿದ್ನಿ. ನಿನ್ನ ಇವರು ಬೈತಾರಂತ ತಿಳದಿದ್ನಿ. ಬೈದದ್ದ ಕೇಳಿ ನಿನ್ನ ಕರಕೊಂಡ ಹೋಗಾಕ ಬಂದಿದ್ನಿ."

ಶಿವವ್ವನಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು. ತಾನುಬಾಯಿ ಎಲ್ಲರ ಮುಖ ನೋಡುತ್ತ, ಏನಂದಳು, ಏನಂದಳು ಎಂದು ಕೇಳಿದಳು. ಸೊಸೆ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಕೊನೆಗೆ ನಾನು ತಲೆ ತಗ್ಗಿಸಿ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದೆ, ಕಲಿಸಿದವಳು ನಾನೇ ಎಂಬುದನ್ನೂ ಸೇರಿಸಿ. ಜೀವಮಾನದಲ್ಲಿ ಅಷ್ಟು ನಾಚಿಕೆ ನನಗೆ ಆಗಿರಲಿಲ್ಲ.

ತಾನುಬಾಯಿ ಎದ್ದು ಒಳಗೆ ಹೋದಳು. ಆಯಿತು, ನಮ್ಮ ಗಂಟು ಹೊರಗೆ ಬಂದು ಬೀಳುತ್ತದೆ ಎಂದುಕೊಂಡೆ. ಆಕೆ ಕೈ ತೊಳೆದು, ಮಜ್ಜಿಗೆಯ ತಂಬಿಗೆ ಹಿಡಿದು ಬಂದು ಕಾಶೆವ್ವನ ಎದುರು ಮಣ್ಣಿನಲ್ಲೇ ಕೂತಳು.

"ನನ್ನ ಮಗಳನ್ನು ಸಾಂಗಲಿಗೆ ಕೊಟ್ಟಿದ್ದೇನೆ," ಎಂದಳು, ಕಾಶೆವ್ವನಿಗೆ ತಿಳಿಯುವಂತೆ ಒಂದೊಂದೇ ಮಾತು ಬಿಡಿಸಿ. "ಹೋದಾಗಲೆಲ್ಲ ಬಾಗಿಲ ಹಿಂದೆ ನಿಂತು ಕೇಳುತ್ತೇನೆ. ಅಲ್ಲಿಯೂ ಮಾತು ಮರಾಠಿಯೇ. ನನಗೆ ಕಲಿಯುವ ಕಷ್ಟ ಇಲ್ಲ, ಅಷ್ಟೇ."

ಕಾಶೆವ್ವ ತಂಬಿಗೆ ತೆಗೆದುಕೊಂಡಳು. ಎರಡು ಗುಟುಕು ಕುಡಿದು ಮಗಳ ಕೈಗೆ ಕೊಟ್ಟಳು. ಶಿವವ್ವ ತಾಯಿಯ ಬದಿಗೆ ಬಂದು ಕೂತಳು. ಆಮೇಲೆ ಅವರಿಬ್ಬರೂ ಪಾರವ್ವನ ಮಾತು ಆಡಿದರು. ಮೂರೂವರೆ ವರ್ಷ ಮಸಗುಪ್ಪಿಯ ಮನೆಯಲ್ಲಿ ಯಾರೂ ಅವಳ ಹೆಸರು ಎತ್ತಿರಲಿಲ್ಲವಂತೆ. ನಾನು ಗಮನಿಸಿದ್ದು ಏನೆಂದರೆ, ಕೂಗಿದ್ದು, ಕಾಲು ಹಿಡಿದದ್ದು, ಸೂಲಗಿತ್ತಿ ತಡವಾಗಿ ಬಂದದ್ದು, ಇಂಥವನ್ನು ಶಿವವ್ವ ಮರಾಠಿಯಲ್ಲಿಯೇ ಹೇಳಿದಳು. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ನಡುವೆಯೇ ಬಿಟ್ಟು ಮರಾಠಿಗೆ ಹೊರಳುತ್ತಿದ್ದಳು. ಕಾಶೆವ್ವ ತನಗಿದ್ದ ಅರೆಬರೆ ಮರಾಠಿಯಲ್ಲಿ ಹಾಂ, ಹಾಂ ಎನ್ನುತ್ತ ಕೇಳಿದಳು. ಹೊರಗಿನ ಭಾಷೆಯಲ್ಲಿ ಹೇಳಿದರೆ ನೋವು ಸ್ವಲ್ಪ ದೂರ ನಿಲ್ಲುತ್ತದೋ ಏನೋ. ಬೈಸಿಕೊಂಡವಳಾದ ನನಗೆ ಭಾಷೆಯ ಈ ಉಪಯೋಗ ಗೊತ್ತೇ ಇರಲಿಲ್ಲ.

"ಊರಾಗ ಏನಂತಾರ?" ಎಂದು ಶಿವವ್ವ ಸಂಜೆ ಕೇಳಿದಳು. "ಚೊಚ್ಚಲ ತವರಾಗ ಆಗ್ಲಿಲ್ಲಂತ ಅಂತಾರ."

"ಅಂದ್ರ ಅನ್ಲಿ," ಎಂದಳು ಕಾಶೆವ್ವ. "ನಾ ಆರರಾಗ ಬಂದ ಇಲ್ಲೇ ಇರತೇನಿ."

ತಾಯಿ ಬಾಣಂತನಕ್ಕೆ ಬೀಗರ ಮನೆಯಲ್ಲಿ ತಿಂಗಳುಗಟ್ಟಲೆ ಕೂಡುವುದು ಎಂದರೆ ನಮ್ಮ ಕಡೆ ಮಾನ ಕಳೆದುಕೊಂಡಂತೆ. ಕಾಶೆವ್ವನಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಗಂಟಿನಲ್ಲಿದ್ದ ಸೀರೆಯನ್ನು ಮರುದಿನ ಮಗಳಿಗೆ ಕೊಟ್ಟು, ಮಗಳನ್ನು ಬಿಟ್ಟು ನನ್ನ ಜೊತೆ ಚಕ್ಕಡಿ ಹತ್ತಿದಳು.

ಹುಕ್ಕೇರಿಗೆ ಬಂದೆವು. ಮೋಟಾರು ಹೊರಟ ಮೇಲೆ, "ನನ್ನ ಮನಿಗಿ ಹೆದರ್ತಾಳ," ಎಂದು ಒಂದೇ ಸಲ ಅಂದು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಜನ ನೋಡಿದರು. ನಾನು ಅವರನ್ನು ದುರುಗುಟ್ಟಿ ನೋಡಿದೆ, ತಿರುಗಿಕೊಂಡರು. ಘಟಪ್ರಭಾ ಹೊಳೆ ಕಾಣುವ ಹೊತ್ತಿಗೆ ಅವಳು ಮುಖ ಒರೆಸಿಕೊಂಡು ನೆಟ್ಟಗೆ ಕೂತಳು. ಸೆರಗಿನ ತುದಿ ಮತ್ತೆ ಬೆರಳಿಗೆ ಬಂದಿತ್ತು.

"ಅಲ್ಲಿ ಸೂಲಗಿತ್ತಿ ಮರಾಠಿಯಾಕಿ ಅಂತ," ಎಂದಳು. "ಬ್ಯಾನಿ ಬಂದಾಗ ಆಕಿ ಹೇಳೂದ ನನಗ ತಿಳೀಬೇಕು. ಜೋರ ಮಾಡಿ ಮುಕ್ಕು ಅಂತ ಹೆಂಗ ಅಂತಾರ? ಉಸರ ಹಿಡಿ ಅಂತ? ತಲಿ ಕಾಣಸ್ತು ಅಂತ? ಇನ್ನ ಆರ ತಿಂಗಳ ಐತಿ. ನಾಳಿಂದನ ಕಲಸ್ರಿ ಬಾಯಾರ."

ನಾನು ಕಿಟಕಿಯ ಕಡೆ ತಿರುಗಿದೆ. ಹನ್ನೊಂದು ವರ್ಷ ನಮ್ಮತ್ತೆ ನನ್ನನ್ನು ಬೈದದ್ದು ಒಂದೇ ಕಾರಣಕ್ಕೆ. ಹೆರಿಗೆಯ ಕೋಣೆಯ ಮಾತನ್ನು ನನಗೆ ಯಾರು ಕಲಿಸುತ್ತಾರೆ?

"ಅವು ನನಗ ಬರೂದಿಲ್ಲ ಕಾಶೆವ್ವಕ್ಕಾ," ಎಂದೆ. "ನನಗ ಎಂದೂ ಬೇಕಾಗಲಿಲ್ಲ."

ಅವಳಿಗೆ ತಿಳಿಯಿತು. ಆಮೇಲೆ ನನ್ನ ಕೈ ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಮರ್ಯಾದೆಗೆ ಬಾಯಾರ ಎಂದು ಕರೆಯುವುದನ್ನೂ ಬಿಟ್ಟಳು.

"ಹಂಗಾರ ಆ ದಿನಾ ನೀನೂ ಬಾ ರಾಯವ್ವಾ. ಒಳಗ ನನ್ನ ಬಾಜೂಕ ನಿಂದ್ರು. ಇಬ್ಬರೂ ಕೂಡಿ ಕಲಿಯೂಣು."

ಮಕ್ಕಳಿಲ್ಲದವಳನ್ನು ಹೆರಿಗೆಯ ಕೋಣೆಯ ಹೊಸ್ತಿಲ ಹತ್ತಿರವೂ ಸುಳಿಯಗೊಡುವುದಿಲ್ಲ ನಮ್ಮ ಜನ. ಒಬ್ಬ ಮಗಳನ್ನು ಅಲ್ಲಿಯೇ ಕಳೆದುಕೊಂಡವಳು, ಉಳಿದ ಒಬ್ಬಳ ಬಳಿಗೆ ನನ್ನನ್ನು ಕರೆಯುತ್ತಿದ್ದಳು. ಗೋಕಾಕ ಬರುವುದರೊಳಗೆ ಅವಳು ಮೂರು ಸಲ ಕೇಳಿದಳು. ಮೂರನೆಯ ಸಲ ಬರತೇನಿ ಎಂದೆ.